ಕೊಪ್ಪಳದ ಜೋಳ, ಹಡಗಿನ ಮೇಜು

ಹೈದರಾಬಾದಿನಲ್ಲಿ ಮೂಸಿ ನದಿಯ ದಡದ ಮೇಲಿರುವ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ನೋಡಲು ಹೋದವರು ಮುಸುಕಿನ ರೆಬೆಕ್ಕಳ ಅಮೃತಶಿಲೆಯ ಪ್ರತಿಮೆಯೆದುರು ಬೆರಗಾಗಿ ನಿಲ್ಲುತ್ತಾರೆ. ಗಂಟೆ ಬಾರಿಸಲು ಗೊಂಬೆ ಹೊರಬರುವ ಗಡಿಯಾರದ ಮುಂದೆ ಮಕ್ಕಳೊಡನೆ ಕಾದು ಕುಳಿತಿರುತ್ತಾರೆ. ಅದೇ ಕಟ್ಟಡದಲ್ಲಿ ಯುರೋಪಿನ ಪಿಂಗಾಣಿಯ ಸಂಗ್ರಹವೂ ಇದೆ. ಡ್ರೆಸ್ಡೆನ್ನಿನ ಬಟ್ಟಲುಗಳು, ಫ್ರಾನ್ಸಿನ ಸೇವ್ರ್ ತಟ್ಟೆಗಳು, ಇಂಗ್ಲೆಂಡಿನ ವೆಜ್‌ವುಡ್ ಪಾತ್ರೆಗಳು ಗಾಜಿನ ಕಪಾಟುಗಳಲ್ಲಿ ಸಾಲಾಗಿ ಕುಳಿತಿವೆ. ಅವುಗಳಲ್ಲಿ ಈಗ ಯಾರೂ ಉಣ್ಣುವುದಿಲ್ಲ. ಕೊಪ್ಪಳದಿಂದಲೋ ಯಲಬುರ್ಗಾದಿಂದಲೋ ಹೋದ ಪ್ರವಾಸಿಗನು ಮಾತ್ರ ಆ ಬರಿದಾದ ತಟ್ಟೆಗಳೆದುರು ಒಂದು ಗಳಿಗೆ ಹೆಚ್ಚು ನಿಲ್ಲುವುದು ಉಚಿತ. ಏಕೆಂದರೆ, ಅವುಗಳಿಗೂ ಅವನ ಅಜ್ಜ ಮುತ್ತಜ್ಜರು ಬಿತ್ತಿ ಬೆಳೆದ ಜೋಳಕ್ಕೂ ಒಂದು ಹಳೆಯ ನಂಟುಂಟು.

ನಿಜಾಮರ ಆಳ್ವಿಕೆಯ ಕಾಲದಲ್ಲಿ ಕೊಪ್ಪಳದ ಸೀಮೆಯು ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದಿತು. ಯಲಬುರ್ಗಾ ಭಾಗವೂ ಅದಕ್ಕೆ ಸೇರಿದ್ದಿತು. ಮಳೆಯನ್ನೇ ನಂಬಿದ ಎರೆಹೊಲಗಳಲ್ಲಿ ರೈತನು ಬೆಳೆದುದರ ಒಂದು ಪಾಲು ಕಂದಾಯವಾಗಿ ಆ ಮನೆತನದ ಬೊಕ್ಕಸವನ್ನು ಸೇರುತ್ತಿದ್ದಿತು. ಹೈದರಾಬಾದಿನ ದಿವಾನ್ ದೇವಡಿ ಎಂಬ ಅವರ ಅರಮನೆಯಲ್ಲಿ ‘ಚೀನೀಖಾನಾ’ ಎಂಬ ಒಂದು ಕೋಣೆಯೇ ಇದ್ದಿತು. ಅದರ ಗೋಡೆಗಳ ತುಂಬ ಪಿಂಗಾಣಿ ತಟ್ಟೆ ಬಟ್ಟಲುಗಳ ಅಲಂಕಾರ. ಆಂಗ್ಲ ಅತಿಥಿಗಳಿಗೆ ಆ ಅರಮನೆಯಲ್ಲಿ ಔತಣಗಳು ನಡೆಯುತ್ತಿದ್ದವು. ಹೀಗೆ ಜೋಳದ ನಾಡಿನಲ್ಲಿ ಹುಟ್ಟಿದ ಹಣವು ಇಂಗ್ಲಿಷರ ಊಟದ ಮೇಜಿನವರೆಗೆ ಹೋದ ದಾರಿಯನ್ನು ಅರಿಯಬೇಕಾದರೆ, ಆ ಮೇಜಿನ ಚರಿತ್ರೆಯನ್ನೂ, ಅದನ್ನು ಹೊತ್ತು ಸಮುದ್ರದ ಮೇಲೆ ತೇಲಿದ ಹಡಗುಗಳ ಕಥೆಯನ್ನೂ ಸ್ವಲ್ಪ ತಿಳಿಯಬೇಕಾಗುತ್ತದೆ.

ಜಹಗೀರುದಾರರ ಸಮುದ್ರಯಾನ

ಈ ಮನೆತನದ ಮೊದಲನೆಯ ಸರ್ ಸಾಲಾರ್ ಜಂಗರು 1829ರಲ್ಲಿ ಹುಟ್ಟಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿಯೇ, ಎಂದರೆ 1853ರಲ್ಲಿ, ಹೈದರಾಬಾದಿನ ದಿವಾನರಾದರು. 1883ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತು ವರ್ಷ ಆ ಪದವಿಯಲ್ಲಿದ್ದರು. ಸಾಲದಲ್ಲಿ ಮುಳುಗಿದ್ದ ಸಂಸ್ಥಾನದ ಆಡಳಿತವನ್ನು ಒಂದು ಶಿಸ್ತಿಗೆ ತಂದ ಸಮರ್ಥರೆಂದು ಅವರ ಹೆಸರು ಇತಿಹಾಸದಲ್ಲಿ ನಿಂತಿದೆ. 1857ರ ದಂಗೆಯಲ್ಲಿ ಅವರು ಬ್ರಿಟಿಷರ ಪಕ್ಷವನ್ನು ಬಿಡಲಿಲ್ಲ. ಮರುವರ್ಷ ಮುಂಡರಗಿಯ ಭೀಮರಾಯನು ಬ್ರಿಟಿಷರ ವಿರುದ್ಧ ಎದ್ದು ಹಿಡಿದುಕೊಂಡದ್ದು, ಕೊನೆಗೆ ಹೋರಾಡಿ ಮಡಿದದ್ದು ಕೊಪ್ಪಳದ ಕೋಟೆಯಲ್ಲಿಯೇ.

ಈ ದಿವಾನರು 1876ರ ಏಪ್ರಿಲ್ ತಿಂಗಳಲ್ಲಿ ಮುಂಬಯಿಯಿಂದ ಹಡಗು ಹತ್ತಿ ಯುರೋಪಿಗೆ ಹೊರಟರು. ಸೂಯೆಜ್ ಕಾಲುವೆ 1869ರ ನವೆಂಬರಿನಲ್ಲಿ ತೆರೆದಿದ್ದಿತು. ಆದುದರಿಂದ ಆಫ್ರಿಕವನ್ನು ಬಳಸಿ ತಿಂಗಳುಗಟ್ಟಲೆ ತೇಲುವ, ಇಲ್ಲವೆ ಈಜಿಪ್ತಿನಲ್ಲಿ ಇಳಿದು ನೆಲದ ಮೇಲೆ ಸಾಗಿ ಮತ್ತೊಂದು ಹಡಗು ಹಿಡಿಯುವ ಕಷ್ಟ ಅವರಿಗೆ ಇರಲಿಲ್ಲ. ರೋಮಿನಲ್ಲಿ ಅವರು ಶಿಲ್ಪಿ ಬೆಂಜೋನಿಯ ರೆಬೆಕ್ಕಳನ್ನು ಕೊಂಡರು. ಪ್ಯಾರಿಸಿನ ಹೊಟೇಲಿನ ಮೆಟ್ಟಿಲುಗಳ ಮೇಲೆ ಜಾರಿಬಿದ್ದು ಕಾಲು ಮುರಿದುಕೊಂಡರು. ಆ ನೋವಿನಲ್ಲಿಯೇ ಇಂಗ್ಲೆಂಡಿಗೆ ಹೋದರು. ಜೂನ್ ತಿಂಗಳಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಪದವಿಯನ್ನಿತ್ತಿತು. ಲಂಡನ್ ನಗರವು ಅವರನ್ನು ಸನ್ಮಾನಿಸಿತು. ಬ್ರಿಟಿಷರ ವಶದಲ್ಲಿದ್ದ ಬೀರಾರ್ ಪ್ರಾಂತವನ್ನು ನಿಜಾಮರಿಗೆ ಮರಳಿ ಪಡೆಯಬೇಕೆಂಬ ಅವರ ಆಸೆ ಮಾತ್ರ ಕೈಗೂಡಲಿಲ್ಲ. ಔತಣ ದೊರೆಯಿತು, ಪ್ರಾಂತ ದೊರೆಯಲಿಲ್ಲ.

ಗಂಟೆಯ ಕರೆ

ಅಂದಿನ ಹಡಗಿನಲ್ಲಿ ಪ್ರಯಾಣಿಕನ ದಿನವನ್ನು ಸೂರ್ಯನಲ್ಲ, ಊಟದ ಗಂಟೆಯೇ ಅಳೆಯುತ್ತಿದ್ದಿತು. ಮುಂಬಯಿ ಕಲ್ಕತ್ತೆಗಳಿಗೆ ಅಂಚೆಯನ್ನೂ ಜನರನ್ನೂ ಸಾಗಿಸುತ್ತಿದ್ದ ಪಿ. ಅಂಡ್ ಓ. ಕಂಪೆನಿಯ ಹಡಗುಗಳಲ್ಲಿ ಬೆಳಗಾಗುತ್ತಲೇ ಚಹಾ ಅಥವಾ ಕಾಫಿ, ಒಂಬತ್ತರ ಸುಮಾರಿಗೆ ಮಾಂಸ, ಮೊಟ್ಟೆ, ಮೀನುಗಳೊಡನೆ ಉಪಾಹಾರ, ನಡುಹಗಲಲ್ಲಿ ಟಿಫಿನ್ನು, ಸಂಜೆ ಡಿನ್ನರು, ಅದರ ಮೇಲೂ ಹಸಿವೆಯೆನ್ನುವವರಿಗೆ ಮಲಗುವ ಮುನ್ನ ಬಿಸ್ಕತ್ತು. ಸಮುದ್ರದ ಮೇಲೆ ಮಾಡಲು ಬೇರೆ ಕೆಲಸವಿಲ್ಲ. ಒಂದು ಊಟದ ಮಾತು ಮುಗಿಯುವಷ್ಟರಲ್ಲಿ ಇನ್ನೊಂದು ಊಟದ ಕರೆ. ಮುಂದಿನ ಕಾಲದ ಹಡಗುಗಳಲ್ಲಿ ಬೆಳಗಿನ ಹನ್ನೊಂದಕ್ಕೆ ಬಟ್ಟಲಿನಲ್ಲಿ ಮಾಂಸದ ತಿಳಿಸಾರನ್ನೂ, ಸಂಜೆ ನಾಲ್ಕಕ್ಕೆ ಚಹಾವನ್ನೂ ಮೇಲಟ್ಟಕ್ಕೇ ತಂದುಕೊಡುವ ಪದ್ಧತಿಯೂ ಸೇರಿಕೊಂಡಿತು. ಡಿನ್ನರಿಗೆ ತುತ್ತೂರಿಯ ಕರೆ ಕೇಳಿದ ಕೂಡಲೆ ಎಲ್ಲರೂ ಉಡುಪು ಬದಲಿಸಿ ಬರತಕ್ಕದ್ದು.

ಶೀತಲ ಯಂತ್ರಗಳು ಬರುವ ಮುನ್ನ ಹಡಗಿನ ಮೇಲೆ ಒಂದು ಸಣ್ಣ ಹಳ್ಳಿಯ ಕೊಟ್ಟಿಗೆಯೇ ಇರುತ್ತಿದ್ದಿತು. ಹಾಲಿಗೆಂದು ಹಸು, ಊಟಕ್ಕೆಂದು ಕುರಿ, ಹಂದಿ, ಕೋಳಿ, ಬಾತುಗಳನ್ನು ಜೀವಸಹಿತ ಒಯ್ಯುತ್ತಿದ್ದರು. ಪ್ರಯಾಣ ಸಾಗಿದಂತೆ ಕೊಟ್ಟಿಗೆ ಬರಿದಾಗುತ್ತಿದ್ದಿತು. ಕಡಲು ಉಕ್ಕಿದ ದಿನ ಮೇಜಿನ ಮೇಲೆ ಮರದ ಪಟ್ಟಿಗಳ ಚೌಕಟ್ಟುಗಳನ್ನು ಬಿಗಿಯುತ್ತಿದ್ದರು. ಇಲ್ಲದಿದ್ದರೆ ಒಬ್ಬರ ಸಾರು ಇನ್ನೊಬ್ಬರ ಮಡಿಲಿಗೆ! ತಲೆಯ ಮೇಲೆ ದೀಪಗಳು ತೂಗುತ್ತಿದ್ದವು. ಕೆಂಪು ಸಮುದ್ರದ ಸೆಕೆಯಲ್ಲಿ ಪಂಖಾ ಬೀಸುತ್ತಿದ್ದಿತು. ಕಪ್ತಾನನ ಮೇಜಿನಲ್ಲಿ ಸ್ಥಳ ಸಿಕ್ಕವರು ಗಣ್ಯರು. ಉಳಿದವರು ತಮ್ಮ ತಮ್ಮ ಅಂತಸ್ತಿಗೆ ತಕ್ಕಂತೆ ದೂರ ದೂರ. ಮೊದಲನೆಯ ದರ್ಜೆಯವರ ಊಟದ ಶಾಲೆಗೆ ಎರಡನೆಯ ದರ್ಜೆಯವನು ಕಾಲಿಡುವಂತಿರಲಿಲ್ಲ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ನಮ್ಮ ಗಾದೆ. ಹಡಗಿನಲ್ಲಿ ಊಟ ನೋಟಗಳೆರಡೂ ಪರರಿಚ್ಛೆಯೇ ಆಗಿದ್ದವು.

ಸರಿದಾಡಿದ ಡಿನ್ನರು

ಇಷ್ಟೊಂದು ಕಟ್ಟುನಿಟ್ಟಿನ ಈ ವೇಳಾಪಟ್ಟಿ ಅನಾದಿಯಿಂದ ಬಂದುದೆಂದು ನೋಡಿದವರಿಗೆ ತೋರುವುದು ಸಹಜ. ವಾಸ್ತವವಾಗಿ ಇಂಗ್ಲಿಷರ ಊಟದ ಹೊತ್ತಿನಷ್ಟು ಸರಿದಾಡಿದ ವಸ್ತು ಮತ್ತೊಂದಿಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಡಿನ್ನರೆಂದರೆ ಹಗಲಿನ ಊಟ. ಹೊತ್ತು ನೆತ್ತಿಗೇರುವ ಮೊದಲೇ ಅದು ಮುಗಿಯುತ್ತಿದ್ದುದುಂಟು. ಕತ್ತಲಲ್ಲಿ ಉಣ್ಣಲು ಮೇಣದ ಬತ್ತಿ ಬೇಕು, ಬತ್ತಿಗೆ ಹಣ ಬೇಕು. 18ನೆಯ ಶತಮಾನದಲ್ಲಿ ಶ್ರೀಮಂತರು ಅದನ್ನು ಮಧ್ಯಾಹ್ನದ ಮೂರಕ್ಕೆ, ನಾಲ್ಕಕ್ಕೆ, ಐದಕ್ಕೆ ತಳ್ಳಿದರು. 19ನೆಯ ಶತಮಾನದಲ್ಲಿ ಅದು ರಾತ್ರಿಯ ಏಳು, ಎಂಟು ಗಂಟೆಯವರೆಗೆ ಸರಿಯಿತು. ತಡವಾಗಿ ಉಣ್ಣುವುದೇ ದೊಡ್ಡಸ್ತಿಕೆಯ ಗುರುತಾಯಿತು.

ಡಿನ್ನರು ಹೀಗೆ ಓಡಿಹೋದ ಮೇಲೆ ಹಗಲಿನ ನಡುವೆ ದೊಡ್ಡದೊಂದು ಬಯಲು ಉಳಿಯಿತು. ಅದನ್ನು ತುಂಬಲು ಲಂಚ್ ಎಂಬ ನಡುಹಗಲಿನ ಊಟ ಬೆಳೆದುಬಂದಿತು. ಅದೂ ಸಾಲದಾಗಿ, 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆನ್ನಾ ಎಂಬಾಕೆ ಸಂಜೆಯ ಹೊತ್ತು ಹಸಿವೆ ತಾಳಲಾರದೆ ಚಹಾ, ರೊಟ್ಟಿ, ಬೆಣ್ಣೆಗಳನ್ನು ತರಿಸಿಕೊಂಡಳೆಂದೂ, ಅದರಿಂದ ಮಧ್ಯಾಹ್ನೋತ್ತರದ ಚಹಾಪಾನ ಹುಟ್ಟಿತೆಂದೂ ಪ್ರತೀತಿ. ಗಣಿಯಲ್ಲಿ, ಗಿರಣಿಯಲ್ಲಿ ದುಡಿಯುವವನಿಗೆ ಈ ಲೀಲೆಗಳಾವುವೂ ಸಾಧ್ಯವಿರಲಿಲ್ಲ. ಅವನ ಡಿನ್ನರು ಹಗಲಿನಲ್ಲಿಯೇ ನಿಂತಿತು; ದುಡಿದು ಬಂದ ಸಂಜೆ ಅವನು ಮಾಡುವ ಊಟಕ್ಕೆ ‘ಟೀ’ ಎಂಬ ಹೆಸರಾಯಿತು. ಉತ್ತರ ಇಂಗ್ಲೆಂಡಿನ ಅನೇಕ ಮನೆಗಳಲ್ಲಿ ಇಂದಿಗೂ ಡಿನ್ನರೆಂದರೆ ಮಧ್ಯಾಹ್ನದ ಊಟ, ಟೀ ಎಂದರೆ ಸಂಜೆಯ ಊಟ. ಒಬ್ಬ ಇಂಗ್ಲಿಷನು ಯಾವ ಊಟಕ್ಕೆ ಯಾವ ಹೆಸರಿಡುತ್ತಾನೆಂಬುದನ್ನು ಕೇಳಿ ಅವನ ಕುಲಗೋತ್ರಗಳನ್ನು ಊಹಿಸುವವರೂ ಅಲ್ಲಿದ್ದಾರೆ.

ಕುಷ್ಟಗಿಯ ರೈತನಿಗೆ ಇದು ತೀರ ಅಪರಿಚಿತವಾದ ಸಂಗತಿಯೇನಲ್ಲ. ಅವನ ಬೆಳಗಿನ ನ್ಯಾರೆ, ಹೊಲಕ್ಕೆ ಬರುವ ಮಧ್ಯಾಹ್ನದ ಬುತ್ತಿ, ದನಗಳನ್ನು ಕಟ್ಟಿದ ಮೇಲಿನ ರಾತ್ರಿಯೂಟ, ಇವೆಲ್ಲ ದುಡಿಮೆಯ ಹೊತ್ತಿಗೆ ಹೊಂದಿ ನಿಂತವು. ಎಲ್ಲ ದೇಶದಲ್ಲಿಯೂ ದುಡಿಯುವವನು ಹಸಿದಾಗ ಉಣ್ಣುತ್ತಾನೆ. ಹಸಿವೆಯನ್ನು ಕಾಯಿಸಿ ಉಣ್ಣುವ ಸೊಗಸು ಸಿರಿವಂತರದು.

ಮುಳ್ಳುಚಮಚದ ಚರಿತ್ರೆ

ಮೇಜಿನ ನಡವಳಿಕೆಯ ಕಥೆಯೂ ಇದೇ ತೆರನಾದುದು. ತಟ್ಟೆಯ ಎಡಕ್ಕೆ ಮುಳ್ಳುಚಮಚಗಳು, ಬಲಕ್ಕೆ ಚೂರಿಗಳು. ಹೊರಗಿನದನ್ನು ಮೊದಲು ಬಳಸಿ ಒಳಗಿನದರತ್ತ ಬರಬೇಕು. ಸಾರಿನ ಚಮಚವನ್ನು ತನ್ನ ಕಡೆಗೆ ಎಳೆಯದೆ ಆಚೆಗೆ ತಳ್ಳಬೇಕು. ರೊಟ್ಟಿಯನ್ನು ಚೂರಿಯಿಂದ ಕೊಯ್ಯದೆ ಕೈಯಿಂದ ಮುರಿಯಬೇಕು. ಊಟ ಮುಗಿಯಿತೆಂದು ಬಾಯಿಂದ ಹೇಳುವಂತಿಲ್ಲ. ಚೂರಿಯನ್ನೂ ಮುಳ್ಳುಚಮಚವನ್ನೂ ಜೊತೆಯಾಗಿ ತಟ್ಟೆಯ ಮೇಲೆ ಮಲಗಿಸಿದರೆ ಪರಿಚಾರಕನು ಅರ್ಥ ಮಾಡಿಕೊಳ್ಳುತ್ತಾನೆ. ಊಟದ ಕೊನೆಯ ಪೋರ್ಟ್ ಮದ್ಯದ ಬುದ್ದಲಿ ಎಡಗಡೆಗೇ ಸಾಗಬೇಕು.

ಇಷ್ಟು ಕಲಿಸಿದ ಜನ 17ನೆಯ ಶತಮಾನದ ಆದಿಯಲ್ಲಿ ಚೂರಿಯೊಂದರ ಸಹಾಯದಿಂದ ಕೈಬೆರಳುಗಳಿಂದಲೇ ಉಣ್ಣುತ್ತಿದ್ದರು. 1608ರಲ್ಲಿ ಯುರೋಪನ್ನು ಸುತ್ತಿಬಂದ ಟಾಮಸ್ ಕೋರ್ಯಟ್ ಎಂಬವನು ಇಟಲಿಯವರು ಮುಳ್ಳುಚಮಚದಿಂದ ಮಾಂಸವನ್ನು ಹಿಡಿಯುವುದನ್ನು ಕಂಡು, 1611ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಅದನ್ನು ವರ್ಣಿಸಿದನು. ತಾನೂ ಹಾಗೆ ಉಣ್ಣತೊಡಗಿ ಸ್ನೇಹಿತರ ನಗೆಗೀಡಾದನು. ಇದೇ ಕೋರ್ಯಟ್ ಮುಂದೆ ಬಹುಮಟ್ಟಿಗೆ ಕಾಲ್ನಡಿಗೆಯಲ್ಲಿಯೇ ಭಾರತಕ್ಕೆ ಬಂದು, ಅಜಮೀರಿನಲ್ಲಿ ಜಹಾಂಗೀರ್ ಬಾದಶಹನನ್ನು ಕಂಡು, 1617ರಲ್ಲಿ ಸೂರತ್ತಿನಲ್ಲಿ ತೀರಿಕೊಂಡನು. ಇಂಗ್ಲಿಷರಿಗೆ ಮುಳ್ಳುಚಮಚವನ್ನು ಪರಿಚಯಿಸಿದವನು ಕೈಯಿಂದ ಉಣ್ಣುವ ನಾಡಿನಲ್ಲಿ ಮಣ್ಣಾದನು!

ತಿನಿಸುಗಳನ್ನು ಒಂದಾದ ಮೇಲೊಂದರಂತೆ ಬಡಿಸುವ ಕ್ರಮವೂ ಹಳೆಯದಲ್ಲ. ಮೊದಲು ಎಲ್ಲ ಪಾತ್ರೆಗಳನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡುತ್ತಿದ್ದರು. ನಮ್ಮ ಬಾಳೆಯೆಲೆಯ ಮೇಲೆ ಎಲ್ಲವೂ ಒಟ್ಟಿಗೆ ಕಾಣುವಂತೆಯೇ ಅದೂ. ಸಾರು, ಮೀನು, ಮಾಂಸ, ಸಿಹಿ ಎಂದು ಸರದಿಯಾಗಿ ತರುವ ಪದ್ಧತಿ ರಷ್ಯದ ಕಡೆಯಿಂದ ಬಂದು 19ನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ನೆಲೆಯೂರಿತು. ಸಾಲಾರ್ ಜಂಗರು ಲಂಡನ್ನಿಗೆ ಹೋದಾಗ ಅದು ಇನ್ನೂ ಹೊಸ ಸಂಪ್ರದಾಯವೇ ಆಗಿದ್ದಿತು.

ಚಹಾದ ಬಸಿಯ ಕಥೆಯನ್ನೂ ಇಲ್ಲಿ ಹೇಳಬಹುದು. ಕೊಪ್ಪಳದ ಸಂತೆಯಲ್ಲಿ ಬಿಸಿ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದು ಕುಡಿಯುವ ಹಿರಿಯರನ್ನು ಕಂಡು ನಾಗರಿಕರೆನಿಸಿಕೊಂಡವರು ಮುಗುಳ್ನಗುವುದುಂಟು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಸಿಗೆ ಸುರಿದು ಕುಡಿಯುವುದು ಸಾಮಾನ್ಯ ರೂಢಿಯಾಗಿದ್ದಿತು. ಅದು ಅನಾಗರಿಕವೆನಿಸಿದ್ದು ಅನಂತರ.

ಕೋಣೆಯಲ್ಲಿ ಕುಳಿತ ತರುಣ

ಆದರೆ ಹೊಸದಾಗಿ ಹಡಗು ಹತ್ತಿದ ಭಾರತೀಯನಿಗೆ ಈ ಚರಿತ್ರೆಯನ್ನು ಹೇಳುವವರು ಯಾರು? ಅವನ ಕಣ್ಣಿಗೆ ಕಾಣುತ್ತಿದ್ದುದು ಬಿಳಿಯ ಬಟ್ಟೆ ಹೊದಿಸಿದ ಮೇಜು, ಹೊಳೆಯುವ ಆಯುಧಗಳು, ಒಂದೂ ತಪ್ಪದ ನೆರೆಯವರು. ಸಮುದ್ರ ದಾಟುವುದೇ ನಿಷಿದ್ಧವೆಂದು ಅವನ ಕುಲದವರ ಮಾತು. ಎದುರಿಗೆ ಬಂದ ತಿನಿಸಿನಲ್ಲಿ ಏನಿದೆಯೋ ಎಂದು ಅವನ ಭಯ.

1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ‘ಕ್ಲೈಡ್’ ಎಂಬ ಹಡಗಿನಲ್ಲಿ ಹೊರಟ ಹದಿನೆಂಟು ವರ್ಷದ ಒಬ್ಬ ತರುಣನ ಪಾಡು ಲೋಕಪ್ರಸಿದ್ಧವಾಗಿದೆ. ಅವನನ್ನು ಜಾತಿಯವರು ಬಹಿಷ್ಕರಿಸಿದ್ದರು. ಚೂರಿ ಮುಳ್ಳುಚಮಚಗಳನ್ನು ಹಿಡಿಯಲು ಅವನಿಗೆ ಬಾರದು. ಮಾಂಸವಿಲ್ಲದ ತಿನಿಸು ಯಾವುದೆಂದು ಕೇಳಲು ಸಂಕೋಚ. ಆದುದರಿಂದ ಅವನು ಮೇಜಿನ ಬಳಿಗೇ ಹೋಗದೆ, ಮನೆಯಿಂದ ತಂದ ಸಿಹಿತಿಂಡಿ ಹಣ್ಣುಗಳನ್ನು ತನ್ನ ಕೋಣೆಯಲ್ಲಿಯೇ ಕುಳಿತು ತಿಂದು ದಿನ ಕಳೆದನು. ಬಿಸ್ಕೆ ಕೊಲ್ಲಿಯನ್ನು ದಾಟಿದ ಮೇಲೆ ಮಾಂಸವಿಲ್ಲದೆ ಬದುಕುವುದು ಸಾಧ್ಯವಿಲ್ಲವೆಂದು ಒಬ್ಬ ಇಂಗ್ಲಿಷ್ ಸಹಪ್ರಯಾಣಿಕನು ಸ್ನೇಹದಿಂದಲೇ ಎಚ್ಚರಿಸಿದನು. ತಾಯಿಗೆ ಕೊಟ್ಟ ಮಾತನ್ನು ನೆನೆದು ತರುಣನು ಒಪ್ಪಲಿಲ್ಲ. ಆ ತರುಣ ಮೋಹನದಾಸ ಗಾಂಧಿ. ಲಂಡನ್ನಿನಲ್ಲಿ ಅರೆಹೊಟ್ಟೆಯಲ್ಲಿ ಅಲೆದು, ಕೊನೆಗೊಂದು ದಿನ ಫ್ಯಾರಿಂಗ್‌ಡನ್ ಬೀದಿಯಲ್ಲಿ ಸಸ್ಯಾಹಾರದ ಊಟದ ಮನೆಯನ್ನು ಕಂಡಾಗ ಅವರಿಗಾದ ಹಿಗ್ಗನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಅರಸರ ರೀತಿ ಬೇರೆ. ಜಯಪುರದ ಮಹಾರಾಜ ಎರಡನೆಯ ಮಾಧೋಸಿಂಹರು 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಹೊರಟಾಗ ‘ಒಲಿಂಪಿಯಾ’ ಎಂಬ ಇಡಿಯ ಹಡಗನ್ನೇ ಗೊತ್ತುಮಾಡಿಕೊಂಡು, ಆಳೆತ್ತರದ ಬೆಳ್ಳಿಯ ಕೊಪ್ಪರಿಗೆಗಳಲ್ಲಿ ಗಂಗಾಜಲವನ್ನು ತುಂಬಿಸಿ ಒಯ್ದರು. ಪರರ ಮೇಜನ್ನು ತಪ್ಪಿಸಿಕೊಳ್ಳಲು ಒಬ್ಬನಿಗೆ ಸಿಹಿತಿಂಡಿಯ ಡಬ್ಬಿ, ಮತ್ತೊಬ್ಬರಿಗೆ ಇಡೀ ಹಡಗು! ಕಾಲ ಕಳೆದಂತೆ ಈ ಭಯ ಸಡಿಲವಾಯಿತು. ಸವಣೂರಿನ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ ಹೊತ್ತಿಗೆ ಕನ್ನಡಿಗರಿಗೆ ಸಮುದ್ರವು ಪ್ರಾಯಶ್ಚಿತ್ತಕ್ಕೆ ಕಾರಣವಾಗಿರದೆ ಕಾವ್ಯಕ್ಕೆ ವಸ್ತುವಾಗಿದ್ದಿತು.

ಕಿಚಡಿಯ ಮರುಹುಟ್ಟು

ಮೇಜು ಇಂಗ್ಲಿಷರದಾದರೂ ಅದರ ಮೇಲಿದ್ದುದೆಲ್ಲ ಅವರದಾಗಿರಲಿಲ್ಲ. ನಮ್ಮ ಕಿಚಡಿಯು ಮೀನು ಮೊಟ್ಟೆಗಳನ್ನು ಸೇರಿಸಿಕೊಂಡು ‘ಕೆಜರೀ’ ಎಂಬ ಹೆಸರಿನಿಂದ ಇಂಗ್ಲಿಷರ ಬೆಳಗಿನ ಉಪಾಹಾರವಾಯಿತು. ತಮಿಳರ ಮಿಳಗುತಣ್ಣಿ, ಎಂದರೆ ಮೆಣಸಿನ ನೀರು, ‘ಮಲಿಗಟಾನಿ’ ಎಂಬ ಸಾರಾಗಿ ಮೊದಲ ಸರದಿಯಲ್ಲಿ ಕುಳಿತಿತು. ಚಟ್ನಿಯು ಹೆಸರನ್ನು ಬದಲಿಸದೆ ಶೀಷೆಯೊಳಗೆ ಹೊಕ್ಕಿತು. ಪಿ. ಅಂಡ್ ಓ. ಹಡಗುಗಳ ಊಟದ ಪಟ್ಟಿಯಲ್ಲಿ ಅನ್ನದೊಡನೆ ಬಡಿಸುವ ‘ಕರಿ’ಗೆ ಸದಾ ಸ್ಥಾನವಿದ್ದಿತು. ಇತ್ತ ‘ಟಿಫಿನ್’ ಎಂಬ ಶಬ್ದವು ಇಂಗ್ಲಿಷಿನ ಹಳೆಯ ಆಡುಮಾತಿನಿಂದ ಹುಟ್ಟಿ, ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ಮರೆತುಹೋಗಿ, ಗಂಗಾವತಿಯ ಬಸ್ ನಿಲ್ದಾಣದ ಬಳಿಯ ಹೊಟೇಲುಗಳಲ್ಲಿ ಇಡ್ಲಿ ಒಗ್ಗರಣೆಗಳ ಹೆಸರಾಗಿ ಉಳಿದಿದೆ.

ಬಡಿಸುವ ಕೈಗಳೂ ಭಾರತದವೇ. ಊಟದ ಶಾಲೆಯ ಪರಿಚಾರಕರು ಹೆಚ್ಚಾಗಿ ಗೋವೆಯವರು. ಹಡಗಿನ ಮೇಲಟ್ಟದ ಕೆಲಸಕ್ಕೂ, ಒಡಲಿನ ಬೆಂಕಿಗೆ ಕಲ್ಲಿದ್ದಲು ಸುರಿಯುವುದಕ್ಕೂ ‘ಲಸ್ಕರ’ರೆಂಬ ನಮ್ಮ ದೇಶದ ಖಲಾಸಿಗಳು. ಅವರಿಗೆ ಯುರೋಪಿಯನ್ ನಾವಿಕರಿಗಿಂತ ಕಡಿಮೆ ಸಂಬಳ. ಮೇಲಿನ ಮೇಜಿನ ವೈಭವಕ್ಕೂ ಅವರ ಅಕ್ಕಿ ಬೇಳೆಯ ಪಡಿಗೂ ಸಂಬಂಧವೇ ಇರಲಿಲ್ಲ. ಒಂದೇ ಹಡಗಿನಲ್ಲಿ ಹಲವು ಲೋಕಗಳು ಒಂದರ ಮೇಲೊಂದರಂತೆ ಉಣ್ಣುತ್ತಿದ್ದವು.

ಧಾತು ಸಂವತ್ಸರ

ಸಾಲಾರ್ ಜಂಗರು ಸ್ವದೇಶಕ್ಕೆ ಮರಳಿದ್ದು 1876ರ ಆಗಸ್ಟಿನಲ್ಲಿ. ಅದು ಧಾತು ಸಂವತ್ಸರ. ಆ ವರ್ಷ ದಕ್ಷಿಣ ಭಾರತದಲ್ಲಿ ಮಳೆ ಕೈಕೊಟ್ಟಿತು. ಕನ್ನಡಿಗರ ನೆನಪಿನಲ್ಲಿ ‘ಧಾತು ಈಶ್ವರ ಬರ’ವೆಂದು ಉಳಿದಿರುವ ಆ ಮಹಾಕ್ಷಾಮವು ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನೂ, ನಿಜಾಮರ ರಾಯಚೂರು ಸೀಮೆಯನ್ನೂ, ಮೈಸೂರು ಸಂಸ್ಥಾನವನ್ನೂ ಹಿಡಿದು ನುಂಗಿತು. ಮೈಸೂರೊಂದರಲ್ಲಿಯೇ ಸುಮಾರು 10 ಲಕ್ಷ ಜನ ಸತ್ತರು. ತುಂಗಭದ್ರೆಯ ಆ ದಡದ ಬಳ್ಳಾರಿ ಜಿಲ್ಲೆ ಅತ್ಯಂತ ಹೆಚ್ಚು ನೊಂದ ಪ್ರದೇಶಗಳಲ್ಲೊಂದು. ಈ ದಡದ ಕೊಪ್ಪಳ ಕುಷ್ಟಗಿಗಳ ಮೇಲೆ ಇದ್ದುದೂ ಅದೇ ಮೋಡವಿಲ್ಲದ ಆಕಾಶ.

ಅಂಥ ಸಮಯದಲ್ಲಿ, 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಲು ದಿಲ್ಲಿಯಲ್ಲಿ ಭಾರೀ ದರ್ಬಾರು ನೆರೆಯಿತು. ಎಳೆಯ ವಯಸ್ಸಿನ ನಿಜಾಮರನ್ನು ಕರೆದುಕೊಂಡು ಸಾಲಾರ್ ಜಂಗರೂ ಅಲ್ಲಿಗೆ ಹೋದರು. ದಿನದಿನವೂ ಔತಣ. ಅದೇ ಜನವರಿಯಲ್ಲಿ ಕ್ಷಾಮದ ವೆಚ್ಚವನ್ನು ಹಿಡಿತದಲ್ಲಿಡಲು ಸರಕಾರವು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಕಳುಹಿಸಿತು. ಈತ ಹೊರಗಿನವನಲ್ಲ, 1867ರಲ್ಲಿ ಹೈದರಾಬಾದಿನಲ್ಲಿಯೇ ಬ್ರಿಟಿಷ್ ರೆಸಿಡೆಂಟನಾಗಿದ್ದು ಸಾಲಾರ್ ಜಂಗರನ್ನು ಹತ್ತಿರದಿಂದ ಬಲ್ಲವನು. ಬ್ರಿಟಿಷ್ ಸೀಮೆಯ ಪರಿಹಾರ ಕಾಮಗಾರಿಗಳಲ್ಲಿ ಹಗಲೆಲ್ಲ ಕಲ್ಲು ಒಡೆಯುವ, ಮಣ್ಣು ಹೊರುವ ಗಂಡಾಳಿಗೆ ಈತ ಗೊತ್ತುಮಾಡಿದ ಪಡಿಯೆಂದರೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಪುಡಿಗಾಸು. ಒಂದು ಪೌಂಡೆಂದರೆ ನಮ್ಮ ಹಳೆಯ ತೂಕದಲ್ಲಿ ಸುಮಾರು ಅರ್ಧ ಸೇರು. ದುಡಿಯುವ ಒಡಲಿಗೆ ಇದು ಸಾಲದೆಂದು ಮದರಾಸಿನ ವೈದ್ಯಾಧಿಕಾರಿಗಳೇ ಪ್ರತಿಭಟಿಸಬೇಕಾಯಿತು. ಈ ಬರದ ವರ್ಷಗಳಲ್ಲಿಯೂ ಭಾರತದಿಂದ ಇಂಗ್ಲೆಂಡಿಗೆ ಗೋಧಿ ಸಾಗುವುದು ನಿಲ್ಲಲಿಲ್ಲ. ಇಂಗ್ಲಿಷರು ಚೂರಿಯಿಂದ ಕೊಯ್ಯದೆ ಕೈಯಿಂದ ಮುರಿಯುತ್ತಿದ್ದ ರೊಟ್ಟಿಯಲ್ಲಿ ಆ ಗೋಧಿಯೂ ಇದ್ದಿತು.

ಇದರಿಂದ ಸಾಲಾರ್ ಜಂಗರೊಬ್ಬರನ್ನೇ ಹಳಿಯುವುದು ನ್ಯಾಯವಾಗದು. ಅವರ ಕಾಲದ ಜಹಗೀರುದಾರರಲ್ಲಿ ಅವರಷ್ಟು ದಕ್ಷರು ವಿರಳ. ಅವರಿಂದ ಆರಂಭವಾದ ಸಂಗ್ರಹವನ್ನು ಬಹುವಾಗಿ ಬೆಳೆಸಿದವರು ಅವರ ಮೊಮ್ಮಗ ಮೂರನೆಯ ಸಾಲಾರ್ ಜಂಗರು. ಆ ಸಂಗ್ರಹವು ಇಂದು ಒಬ್ಬರ ಸೊತ್ತಾಗಿರದೆ ದೇಶದ ಸೊತ್ತಾಗಿದೆ. ಆದರೂ ತಟ್ಟೆಯನ್ನು ನೋಡುವವನು ಅದರ ಚಿನ್ನದ ಅಂಚನ್ನಷ್ಟೇ ನೋಡಿ ಹಿಂದಿರುಗಿದರೆ ಅರ್ಧ ನೋಡಿದಂತೆ. ಕಂದಾಯದ ನಾಣ್ಯ ಪಿಂಗಾಣಿಯ ಮೇಲೆ ಮುದ್ರೆಯೊತ್ತಿ ಹೋಗುವುದಿಲ್ಲ.

ಇಂದಿನ ಹಡಗು

ಆ ಹಡಗುಗಳ ಕಾಲ ಮುಗಿದಿದೆ. ವಿಮಾನಗಳು ಬಂದ ಮೇಲೆ ಭಾರತ ಇಂಗ್ಲೆಂಡುಗಳ ನಡುವಿನ ಪ್ರಯಾಣಿಕ ಹಡಗುಗಳು ಒಂದೊಂದಾಗಿ ನಿಂತು, 1970ರ ಹೊತ್ತಿಗೆ ಮುಂಬಯಿಯ ಬಂದರಿನಿಂದ ಮರೆಯಾದವು. ಹಡಗು ಈಗ ಊರು ಸೇರುವ ಸಾಧನವಾಗಿರದೆ ವಿಹಾರದ ತಾಣವಾಗಿದೆ. ಇದಕ್ಕೂ ಬೀಜ ಹಳೆಯದು. 1844ರಲ್ಲಿಯೇ ಪಿ. ಅಂಡ್ ಓ. ಕಂಪೆನಿಯು ಮೆಡಿಟರೇನಿಯನ್ ಸಮುದ್ರವನ್ನು ಸುತ್ತಿ ಬರುವ ವಿಹಾರಯಾತ್ರೆಗಳನ್ನು ಪ್ರಚಾರ ಮಾಡಿದ್ದಿತು. ಕಾದಂಬರಿಕಾರ ಥ್ಯಾಕರೆ ಅಂಥ ಯಾತ್ರೆಗೆ ಹೋಗಿಬಂದು ಪುಸ್ತಕವನ್ನೂ ಬರೆದನು. ಇಂದು ವರ್ಷವರ್ಷವೂ ಮಳೆಗಾಲ ಕಳೆದ ಮೇಲೆ ಇಂಥ ವಿಹಾರದ ಹಡಗುಗಳು ನವಮಂಗಳೂರು ಬಂದರಿಗೂ ಬರುತ್ತವೆ. ಪ್ರವಾಸಿಗರು ಇಳಿದು ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿ, ಸಂಜೆಗೆ ಹಡಗಿನ ಊಟಕ್ಕೆ ಮರಳುತ್ತಾರೆ.

ಹಡಗಿನೊಳಗೆ ಬಹಳಷ್ಟು ಬದಲಾಗಿದೆ. ಬೆಳಗಿನಿಂದ ರಾತ್ರಿಯವರೆಗೆ ತೆರೆದಿರುವ ಊಟದ ಅಂಗಳಗಳಲ್ಲಿ ತಾನೇ ತಟ್ಟೆ ಹಿಡಿದು ಬೇಕಾದುದನ್ನು ಬಡಿಸಿಕೊಳ್ಳಬಹುದು. ಸಸ್ಯಾಹಾರ ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಆದರೂ ಬ್ರಿಟಿಷ್ ಹಡಗುಗಳಲ್ಲಿ ಹಳೆಯ ವಾಸನೆ ಪೂರ್ತಿ ಹೋಗಿಲ್ಲ. ಗೊತ್ತಾದ ರಾತ್ರಿಗಳಂದು ಕಪ್ಪು ಉಡುಪು ತೊಟ್ಟು ಡಿನ್ನರಿಗೆ ಬರಬೇಕೆಂಬ ಸಂಪ್ರದಾಯ ಉಳಿದಿದೆ. ಕ್ಯುನಾರ್ಡ್ ಕಂಪೆನಿಯ ಹಡಗುಗಳಲ್ಲಿ ಬಿಳಿಯ ಕೈಗವಸು ತೊಟ್ಟ ಪರಿಚಾರಕರು ಸಂಜೆಯ ಚಹಾ ತಂದುಕೊಡುತ್ತಾರೆ. ಬಡಿಸುವವರಲ್ಲಿ ಭಾರತೀಯರು ಇಂದಿಗೂ ಬಹಳ ಮಂದಿ. ಕಳೆದುಹೋದ ಕಾಲದ ವೈಭವವನ್ನು ಒಂದೆರಡು ವಾರದ ಮಟ್ಟಿಗೆ ಹಣ ಕೊಟ್ಟು ಮರಳಿ ಪಡೆಯುವ ಆಟವಿದು ಎನ್ನಬಹುದು.

ರೊಟ್ಟಿಯ ಪಂಕ್ತಿ

ಕೊಪ್ಪಳದ ಮೇಜಾದರೂ ಯಾವುದು? ಇಲ್ಲಿಯೂ ಊಟಕ್ಕೆ ನಿಯಮಗಳಿಲ್ಲದೆ ಇಲ್ಲ. ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸುವವರೆಗೆ ತುತ್ತೆತ್ತಬಾರದು; ನೆರೆಯವನು ಮುಗಿಸುವವರೆಗೆ ಏಳಬಾರದು. ಯಜಮಾನಿ ಚಮಚ ಎತ್ತುವವರೆಗೆ ಕಾಯುವ ಇಂಗ್ಲಿಷ್ ಅತಿಥಿಗೆ ಇದು ಚೆನ್ನಾಗಿ ಅರ್ಥವಾದೀತು. ಕಪ್ತಾನನ ಮೇಜಿನ ಅಂತಸ್ತನ್ನು ಕಂಡು ನಗುವ ಹಕ್ಕೂ ನಮಗೆ ಅಷ್ಟಾಗಿ ಇಲ್ಲ. ಪಂಕ್ತಿಭೇದವೆಂಬ ಹೆಸರಿನಲ್ಲಿ ಯಾರು ಯಾರ ಪಕ್ಕ ಕೂರಬಾರದು, ಯಾರು ಅಂಗಳದಾಚೆ ಕಾಯಬೇಕು ಎಂಬುದನ್ನು ನಮ್ಮವರೂ ಶತಮಾನಗಳ ಕಾಲ ಕಟ್ಟುನಿಟ್ಟಾಗಿ ಪಾಲಿಸಿದವರೇ.

ಆದರೆ ಪುಷ್ಯ ಮಾಸದಲ್ಲಿ ಗವಿಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಕೊಪ್ಪಳಕ್ಕೆ ಬಂದವನು ಬೇರೊಂದು ಊಟವನ್ನು ಕಾಣುತ್ತಾನೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ವಾರಗಟ್ಟಲೆ ಮೊದಲೇ ಜೋಳದ ರೊಟ್ಟಿ ಬಡಿದು ಒಣಗಿಸಿರುತ್ತಾರೆ. ಚಕ್ಕಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ರೊಟ್ಟಿಯ ಗಂಟುಗಳು, ಮಾದಲಿಯ ಚೀಲಗಳು, ದವಸ, ಕಾಯಿಪಲ್ಯೆಗಳು ಮಠದ ಕಡೆಗೆ ಸಾಗುತ್ತವೆ. ಲಕ್ಷಗಟ್ಟಲೆ ಜನ ಆ ದಾಸೋಹದಲ್ಲಿ ಉಣ್ಣುತ್ತಾರೆ. ಒಂದು ಕಾಲಕ್ಕೆ ಇದೇ ಹಾದಿಗಳಲ್ಲಿ ಇದೇ ಜೋಳವು ಜಹಗೀರುದಾರರ ಕಣಜದತ್ತ ಸಾಗುತ್ತಿದ್ದಿತು. 1949ರಲ್ಲಿ ಮೂರನೆಯ ಸಾಲಾರ್ ಜಂಗರು ತೀರಿಕೊಂಡರು. ಹೈದರಾಬಾದ್ ಸಂಸ್ಥಾನದ ಜಹಗೀರುಗಳು ರದ್ದಾದುದೂ ಆ ವರ್ಷವೇ. 1951ರ ಡಿಸೆಂಬರ್ 16ರಂದು ಪ್ರಧಾನಿ ನೆಹರೂ ಅವರು ದಿವಾನ್ ದೇವಡಿಯಲ್ಲಿ ವಸ್ತುಸಂಗ್ರಹಾಲಯವನ್ನು ತೆರೆದರು. 1968ರಲ್ಲಿ ಅದು ಈಗಿನ ಕಟ್ಟಡಕ್ಕೆ ಬಂದಿತು. ತುಂಗಭದ್ರೆಗೆ ಅಣೆಕಟ್ಟಾಗಿ ಗಂಗಾವತಿಯ ಬಯಲು ಭತ್ತದ ಕಣಜವಾಯಿತು. ಯಲಬುರ್ಗಾ ಕುಷ್ಟಗಿಗಳ ರೈತನು ಮಾತ್ರ ಇನ್ನೂ ಬಹುಮಟ್ಟಿಗೆ ಆಕಾಶವನ್ನೇ ನೋಡುತ್ತಾನೆ.

ಜಾತ್ರೆ ಮುಗಿಸಿ ಹೈದರಾಬಾದಿಗೆ ಹೋಗುವ ಯಾತ್ರಿಕನ ಚೀಲದಲ್ಲಿ ಒಂದೆರಡು ಒಣರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಇದ್ದರೂ ಇದ್ದೀತು. ಸಂಗ್ರಹಾಲಯದ ಪಿಂಗಾಣಿಯನ್ನು ನೋಡಿ ಹೊರಬಂದು, ಮೂಸಿಯ ದಡದ ಕಟ್ಟೆಯ ಮೇಲೆ ಕುಳಿತು, ಅವನು ಆ ರೊಟ್ಟಿಯನ್ನು ಮುರಿದು ತಿನ್ನಬಹುದು. ಅದಕ್ಕೆ ತಟ್ಟೆಯೂ ಬೇಡ, ಗಂಟೆಯ ಕರೆಯೂ ಬೇಡ. ಹೊತ್ತಿಗೆ ಸರಿಯಾಗಿ ಹಸಿವೆಯಾದರೆ ಸಾಕು.